ಮಿತಾಕ್ಷರೆಯಲ್ಲಿ ಲೋಕವಿದ್ವಿಷ್ಟ ವಿಚಾರ

ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನವಾದ ಮಿತಾಕ್ಷರೆಯು ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076-1126) ಹುಟ್ಟಿದ ಗ್ರಂಥವೆಂಬುದು ಸುವಿದಿತವಾಗಿದೆ. ಇದನ್ನು ರಚಿಸಿದ ವಿಜ್ಞಾನೇಶ್ವರನು ಗ್ರಂಥಾಂತ್ಯದಲ್ಲಿ ಕಲ್ಯಾಣಪುರವನ್ನೂ ಅದರ ದೊರೆಯನ್ನೂ ಕೊಂಡಾಡಿರುವನು. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ದಾಯವಿಭಾಗದಲ್ಲಿ ಈ ಗ್ರಂಥಕ್ಕಿದ್ದ ಪ್ರಾಮಾಣ್ಯವನ್ನು ಎಲ್ಲರೂ ಬಲ್ಲರು. ಧರ್ಮನಿರ್ಣಯದಲ್ಲಿ ಒಬ್ಬನ ಅಂತಃಕರಣಕ್ಕೆ ಎಷ್ಟು ಸ್ಥಾನ, ಜನಸಾಮಾನ್ಯದ ತಿಳಿವಳಿಕೆಗೆ ಎಷ್ಟು ಸ್ಥಾನ ಎಂಬ ಪ್ರಶ್ನೆಗೆ ಅದರಲ್ಲಿ ದೊರೆಯುವ ಉತ್ತರವನ್ನು ಇಲ್ಲಿ ವಿಚಾರಿಸುವೆನು.

ಧರ್ಮಮೂಲಗಳನ್ನೆಣಿಸುವಾಗ ಯಾಜ್ಞವಲ್ಕ್ಯನು ಶ್ರುತಿ, ಸ್ಮೃತಿ, ಸದಾಚಾರಗಳೊಡನೆ ತನಗೆ ಪ್ರಿಯವಾದುದನ್ನೂ ಸೇರಿಸಿದ್ದಾನೆ. ಮನಸ್ಸಾಕ್ಷಿಗೆ ದೊಡ್ಡ ಪದವಿಯೇ ಸಿಕ್ಕಿತೆಂದು ಓದುಗನು ಹಿಗ್ಗಬಹುದು. ವಿಜ್ಞಾನೇಶ್ವರನು ಒಡನೆಯೇ ಅದನ್ನು ಸಂಕೋಚಗೊಳಿಸುತ್ತಾನೆ. ಶಾಸ್ತ್ರವೇ ವಿಕಲ್ಪವನ್ನು ಹೇಳಿದೆಡೆಯಲ್ಲಿ ಮಾತ್ರ, ಉದಾಹರಣೆಗೆ ಉಪನಯನವನ್ನು ಗರ್ಭದಿಂದೆಣಿಸಿದ ಎಂಟನೆಯ ವರ್ಷದಲ್ಲಿ ಮಾಡಬೇಕೋ ಜನನದಿಂದೆಣಿಸಿದ ಎಂಟನೆಯದರಲ್ಲೋ ಎಂಬಲ್ಲಿ, ಅವರವರ ಇಚ್ಛೆಯು ನಿಯಾಮಕ. ಅದಕ್ಕಿಂತ ಹೆಚ್ಚಿಲ್ಲ.

ಲೋಕದ ಮನಸ್ಸಿಗಾದರೋ ಇಂತಹ ಕಟ್ಟಿಲ್ಲ. ವಿಹಿತವಾದ ಕರ್ಮವಾದರೂ ಜನರು ದ್ವೇಷಿಸುವಂತಹುದಾದರೆ ಆಚರಿಸಕೂಡದೆಂದು ಆಚಾರಾಧ್ಯಾಯದಲ್ಲಿ ಹೇಳಿದೆ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿಯೂ ಇದೇ ಭಾವವುಂಟು. ಮಧುಪರ್ಕದ ಗೋವಧೆಯನ್ನು ಉದಾಹರಿಸಿ, ಅದು ಅಗ್ನೀಷೋಮೀಯ ಪಶುವಿನಂತೆ ಸ್ವರ್ಗಸಾಧನವಾಗದೆಂದು ವ್ಯಾಖ್ಯಾನಕಾರನು ವಿವರಿಸುತ್ತಾನೆ. ಎರಡೂ ವಧೆಯೇ, ಎರಡೂ ವಿಹಿತವೇ. ಭೇದವಿರುವುದು ನೋಡುವವರ ತಿಳಿವಳಿಕೆಯಲ್ಲಿ.

ವ್ಯವಹಾರಾಧ್ಯಾಯದಲ್ಲಿ ಈ ನ್ಯಾಯವು ಮನೆಮನೆಯ ಆಸ್ತಿಯನ್ನೇ ಮುಟ್ಟುತ್ತದೆ. ಹಿರಿಯ ಮಗನಿಗೆ ಪಿತ್ರಾರ್ಜಿತದ ಇಪ್ಪತ್ತನೆಯ ಒಂದಂಶವನ್ನೂ ಉತ್ತಮವಾದ ವಸ್ತುವನ್ನೂ ಮೊದಲೇ ಎತ್ತಿಟ್ಟು, ನಡುವಿನವನಿಗೆ ಅದರ ಅರ್ಧವನ್ನೂ ಕಿರಿಯನಿಗೆ ಕಾಲನ್ನೂ ಕೊಟ್ಟು, ಉಳಿದುದನ್ನು ಸಮನಾಗಿ ಹಂಚಬೇಕೆಂದು ಮನುವಿನ ವಿಧಿ. ಇದಕ್ಕೆ ಉದ್ಧಾರವಿಭಾಗವೆಂದು ಹೆಸರು. ವಿಜ್ಞಾನೇಶ್ವರನು ಇಂತಹ ವಿಷಮವಿಭಾಗವು ಶಾಸ್ತ್ರದಲ್ಲಿರುವುದು ನಿಜವೆಂದು ಒಪ್ಪಿಕೊಂಡೇ, ಲೋಕವಿದ್ವಿಷ್ಟವಾದುದರಿಂದ ಅನುಷ್ಠಿಸತಕ್ಕದ್ದಲ್ಲವೆಂದು ತೀರ್ಮಾನಿಸುತ್ತಾನೆ. ನಿಯೋಗವೂ ಅನೂಬಂಧ್ಯೆಯೆಂಬ ಗೋವಿನ ವಧೆಯೂ ಹೇಗೆ ನಿಂತುಹೋದವೋ ಇದೂ ಹಾಗೆಯೇ. ವಿಧಿವಾಕ್ಯವನ್ನು ಅವನು ಅಲ್ಲಗಳೆಯಲಿಲ್ಲ, ಅರ್ಥವನ್ನು ಹಿಂಜಿ ಬೇರೆ ಮಾಡಲೂ ಇಲ್ಲ. ವಿರೋಧ ಕಂಡೊಡನೆ ವಾಕ್ಯಕ್ಕೆ ವಿಷಯಾಂತರವನ್ನು ಕಲ್ಪಿಸುವ ಪಾಠಕ್ರಮದಲ್ಲಿ ಬೆಳೆದ ನನ್ನಂಥವನಿಗೆ ಈ ನೇರವಾದ ನಡೆ ಇಂದಿಗೂ ಬೆರಗನ್ನು ತರುತ್ತದೆ. ಸಮಭಾಗಕ್ಕೆ ಆಪಸ್ತಂಬನ ಮತವನ್ನೂ ಶ್ರುತಿಯನ್ನೂ ತರುತ್ತಾನೆ, ದಿಟ. ಆದರೂ ತೀರ್ಪಿನ ಭಾರವೆಲ್ಲ ಲೋಕವಿದ್ವೇಷದ ಮೇಲೆಯೇ ನಿಂತಿದೆಯೆಂದು ನನ್ನ ಮತ.

ಹಾಗಾದರೆ ಈ ಲೋಕವೆಂದರೆ ಯಾರು? ಅದರ ಲಕ್ಷಣವನ್ನು ಅವನು ಇಲ್ಲಿ ಹೇಳಲಿಲ್ಲ. ತಮ್ಮಂದಿರು ಪ್ರತಿ ಮನೆಯಲ್ಲಿಯೂ ಇದ್ದರು, ಪಂಚಾಯಿತಿಯಲ್ಲಿ ಕುಳಿತು ಮಾತನಾಡಬಲ್ಲವರಾಗಿದ್ದರು. ಅವರ ಅಸಮಾಧಾನವೇ ಲೋಕದ ಅಸಮಾಧಾನವಾಗಿರಬೇಕು. ಇದು ಊಹೆ. ಊಹೆಗೆ ಕಾರಣ, ಅದೇ ಪ್ರಕರಣದಲ್ಲಿ ಬರುವ ಹೆಣ್ಣುಮಕ್ಕಳ ಭಾಗ. ಮದುವೆಯಾಗದ ಮಗಳಿಗೆ, ಗಂಡಾಗಿದ್ದರೆ ಬರುತ್ತಿದ್ದ ಭಾಗದ ಕಾಲಂಶ ಸಲ್ಲಬೇಕೆಂದು ವಿಜ್ಞಾನೇಶ್ವರನ ವ್ಯಾಖ್ಯೆ. ಅದು ವಿವಾಹಸಂಸ್ಕಾರದ ವೆಚ್ಚಕ್ಕಾಗುವಷ್ಟು ದ್ರವ್ಯವೆಂದ ಭಾರುಚಿಯನ್ನು ಅವನು ತಳ್ಳಿಹಾಕಿ, ಅಸಹಾಯ ಮೇಧಾತಿಥಿಗಳನ್ನು ಹಿಡಿದು, ಮಗಳೂ ಭಾಗಹಾರಿಣಿಯೇ ಎಂದನು. ಇಲ್ಲಿ ವ್ಯಾಖ್ಯಾನವು ಲೋಕಕ್ಕಿಂತ ಮುಂದೆ ನಡೆದಿತ್ತು, ಲೋಕವು ಹಿಂಬಾಲಿಸಲಿಲ್ಲ. ಅಣ್ಣನಿಗೆ ಇಪ್ಪತ್ತನೆಯ ಒಂದಂಶ ಹೆಚ್ಚಾದರೆ ಸಹಿಸದ ಜನಕ್ಕೆ ತಂಗಿಯನ್ನು ಪೂರ್ತಿಯಾಗಿ ಬಿಟ್ಟು ಹಂಚುವುದು ವಿದ್ವಿಷ್ಟವಾಗಿ ತೋರಲಿಲ್ಲ. ವ್ಯವಹಾರದಲ್ಲಿ ಅವಳ ಭಾಗವು ಮದುವೆಯ ಖರ್ಚಿಗೆ ಇಳಿಯಿತು. ಗ್ರಂಥದಲ್ಲಿ ಸೋತ ಭಾರುಚಿಯು ಮನೆಗಳಲ್ಲಿ ಗೆದ್ದನು.

ಕರ್ಣಾಟಕದಲ್ಲಿ ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಮಗನಿಗೆ ಸಮನಾದ ಹಕ್ಕು ಮಗಳಿಗೆ ದೊರೆತದ್ದು 1994ರ ಜುಲೈ 30ರಿಂದ. ಅದೂ ಆ ದಿನಕ್ಕೆ ಮುಂಚೆ ವಿವಾಹವಾಗದವಳಿಗೆ ಮಾತ್ರ. ವಿವಾಹಿತೆಯರಿಗೂ ಅದು ದೊರೆಯುವುದಕ್ಕೆ 2005ರ ಕೇಂದ್ರ ತಿದ್ದುಪಡಿಯು ಬರಬೇಕಾಯಿತು.