ಕೋಡಿಯ ಎತ್ತರ: ಸರಪಳಿ ಕೆರೆಗಳ ಹೂಳೆತ್ತುವಿಕೆ ಮತ್ತು ಹವಾಮಾನ ಬದಲಾವಣೆಗೆ ಸ್ಥಳೀಯ ಪರಿಹಾರದ ಪ್ರಶ್ನೆ

ಹವಾಮಾನ ಬದಲಾವಣೆಗೆ ಊರಿನ ಮಟ್ಟದಲ್ಲಿ ಏನು ಮಾಡಬಹುದು ಎಂದು ಕೇಳಿದರೆ ದಕ್ಷಿಣ ಕರ್ನಾಟಕದ ಬಯಲುಸೀಮೆಯಲ್ಲಿ ಮೊದಲು ಸಿಗುವ ಉತ್ತರ ಒಂದೇ: ಕೆರೆಯ ಹೂಳೆತ್ತಬೇಕು. ಈ ಉತ್ತರದ ಬಗ್ಗೆ ಸರ್ಕಾರ, ಸ್ವಯಂಸೇವಾ ಸಂಸ್ಥೆಗಳು, ರೈತಸಂಘಗಳ ನಡುವೆ ಅಪರೂಪದ ಒಮ್ಮತವಿದೆ. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಆರಂಭವಾದ ಜಲಸಂವರ್ಧನೆ ಯೋಜನೆ ಊರಿಗೊಂದು ಕೆರೆ ಬಳಕೆದಾರರ ಸಂಘ ಕಟ್ಟಿತು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಕಾರ್ಯಕ್ರಮಕ್ಕೆ ‘ನಮ್ಮೂರು ನಮ್ಮ ಕೆರೆ’ ಎಂದೇ ಹೆಸರು. ಎರಡರಲ್ಲೂ ‘ಸ್ಥಳೀಯ’ ಎಂದರೆ ಒಂದು ಊರು, ಒಂದು ಕೆರೆ. ಕೋಲಾರ ಸೀಮೆಯಂಥ ಸರಪಳಿ ಕೆರೆಗಳ ನಾಡಿನಲ್ಲಿ ಈ ಅಳತೆ ಸಾಲದು. ಮಳೆಯ ಸ್ವರೂಪ ಬದಲಾದಂತೆ ಅದು ಇನ್ನಷ್ಟು ತಪ್ಪಾಗುತ್ತದೆ ಎಂಬುದು ಈ ಲೇಖನದ ವಾದ.

ಹಿಂದಿನ ಅಧ್ಯಯನಗಳನ್ನು ಸಂಕ್ಷೇಪವಾಗಿ ನೋಡಬಹುದು. ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಸಂಪಾದಿಸಿದ ‘ಡೈಯಿಂಗ್ ವಿಸ್ಡಮ್’ (1997) ಸಾಂಪ್ರದಾಯಿಕ ನೀರಾವರಿಯ ಅವನತಿಯನ್ನು ಸಮುದಾಯದ ಕೈಯಿಂದ ಪ್ರಭುತ್ವದ ಕೈಗೆ ಅಧಿಕಾರ ಜಾರಿದ ಕಥೆಯಾಗಿ ಓದಿತು. ತಮಿಳುನಾಡಿನ ಕೆರೆಗಳ ಕುರಿತ ಡೇವಿಡ್ ಮಾಸ್ ಅವರ ‘ದ ರೂಲ್ ಆಫ್ ವಾಟರ್’ (2003) ಮತ್ತು ಕರ್ನಾಟಕದ ಕೆರೆಗಳ ಕುರಿತ ಈಶಾ ಶಾ ಅವರ ‘ಸೋಷಿಯಲ್ ಡಿಸೈನ್ಸ್’ (2003) ಆ ಕಥೆಯನ್ನು ಒಡೆದವು. ಕೆರೆ ಎಂದೂ ಸಮಾನರ ಸೊತ್ತಾಗಿರಲಿಲ್ಲ. ಅದರ ಕಟ್ಟೋಣದಲ್ಲೇ ಅರಸೊತ್ತಿಗೆ, ಜಾತಿ, ಭೂಒಡೆತನಗಳು ಸೇರಿಕೊಂಡಿದ್ದವು ಎಂಬುದು ಇವರ ತಿಳಿವು. ಇದನ್ನು ಈಗ ಬಹುತೇಕ ಎಲ್ಲರೂ ಒಪ್ಪುತ್ತಾರೆ. ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿ ಹಲವು ಊರುಗಳಲ್ಲಿ ದಲಿತ. ನೀರು ಹಂಚುವ ಹೊಣೆ ಅವನದು, ನೀರಿನ ಹಕ್ಕು ಅವನದಲ್ಲ.

ಆದರೆ ಎರಡೂ ಪಕ್ಷಗಳು ಕೇಳುವ ಪ್ರಶ್ನೆ ಒಂದೇ: ಕೆರೆಯನ್ನು ಆಳಿದವರು ಯಾರು? ಒಂದು ಕೆರೆಯ ನಿರ್ಧಾರ ಇನ್ನೊಂದರ ಮೇಲೆ ಏನು ಮಾಡುತ್ತದೆ ಎಂಬ ಪ್ರಶ್ನೆ ಹಿನ್ನೆಲೆಗೆ ಸರಿಯುತ್ತದೆ. ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ 1866ರಲ್ಲೇ ಸಂಸ್ಥಾನದ ನೆಲದ ಹೆಚ್ಚಿನ ಪಾಲು ಕೆರೆಗಳ ಜಾಲಕ್ಕೆ ಒಳಪಟ್ಟಿರುವುದನ್ನೂ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂಬುದನ್ನೂ ಗುರುತಿಸಿದ್ದ. ಅಂಥ ನಾಡಿನಲ್ಲಿ ಮೇಲಿನ ಕೆರೆಯ ಕೋಡಿ ನೀರೇ ಕೆಳಗಿನ ಕೆರೆಯ ಒಳಹರಿವು.

ಮುಖ್ಯ ವಿವಾದ ಇಲ್ಲಿಂದ ಆರಂಭವಾಗುತ್ತದೆ. ಮೇಲಿನ ಕೆರೆಯ ಹೂಳೆತ್ತಿ ಹೆಚ್ಚು ನೀರು ಹಿಡಿದರೆ ಅದು ಕೆಳಗಿನವರ ನೀರಿನ ಕಳವು ಎಂಬುದು ಜಲಾನಯನ ಯೋಜನೆಗಳ ವಿಮರ್ಶಕರ ವಾದ. ಒಟ್ಟು ಹರಿವು ಅಷ್ಟೇ ಇರುವಾಗ ಒಬ್ಬರಿಗೆ ಬಂದದ್ದು ಇನ್ನೊಬ್ಬರಿಂದ ಹೋದದ್ದೇ. ಈ ವಾದ ಅರ್ಧ ಮಾತ್ರ ಸರಿ. ಯಾವ ಅರ್ಧ ಎಂಬುದು ಮಳೆಯ ವರ್ಷ ಎಂಥದು ಎಂಬುದರ ಮೇಲೆ ನಿಂತಿದೆ.

ಒಂದು ಊಹಾ ಸರಪಳಿಯನ್ನು ತೆಗೆದುಕೊಳ್ಳೋಣ. ಮೇಲಿನ ಕೆರೆ 8 ದಶಲಕ್ಷ ಘನ ಅಡಿ ಹಿಡಿಯುತ್ತದೆ. ಹೂಳೆತ್ತಿದ ಮೇಲೆ 10. ಅದಕ್ಕೆ ಹರಿದು ಬಂದ ನೀರು 6 ಆಗಿದ್ದರೆ ಎರಡೂ ಸ್ಥಿತಿಯಲ್ಲಿ ಕೋಡಿ ಹರಿಯುವುದಿಲ್ಲ. ಹೂಳೆತ್ತಿ ಹೆಚ್ಚಿಸಿದ ಸಾಮರ್ಥ್ಯ ಬಳಕೆಯಾಗದೆ ಉಳಿಯುತ್ತದೆ. ಮೇಲಿನವರಿಗೆ ಲಾಭವಿಲ್ಲ, ಕೆಳಗಿನವರಿಗೆ ನಷ್ಟವೂ ಇಲ್ಲ. ಒಳಹರಿವು 12 ಆದರೆ ಮೊದಲು 4 ಕೆಳಗಿಳಿಯುತ್ತಿತ್ತು, ಈಗ 2 ಮಾತ್ರ. ಇಲ್ಲಿ ವಿಮರ್ಶಕರು ಹೇಳುವುದು ಪೂರ್ತಿ ನಿಜ. ಒಳಹರಿವು 40 ಆದರೆ ಕೆಳಗಿಳಿಯುವುದು 32ರ ಬದಲು 30. ಕೆಳಗಿನ ಕೆರೆ ಹೇಗೂ ತುಂಬಿ ಕೋಡಿ ಬೀಳುವುದರಿಂದ, ಮೇಲೆ ಉಳಿದ 2 ಸರಪಳಿಯನ್ನೇ ಬಿಟ್ಟು ಹೋಗಬೇಕಿದ್ದ ನೀರು. ಕಳವಿನ ಪ್ರಶ್ನೆ ಏಳುವುದು ನಡುವಿನ ವರ್ಷಗಳಲ್ಲಿ.

ಹವಾಮಾನ ಬದಲಾವಣೆ ಈ ಲೆಕ್ಕದೊಳಗೆ ಬರುವುದು ಇಲ್ಲೇ. ಭೂಮಿಯ ಸರಾಸರಿ ಉಷ್ಣತೆ ಒಂದು ಡಿಗ್ರಿ ಏರಿದಾಗ ಅತಿ ತೀವ್ರ ದಿನಮಳೆಯ ಪ್ರಮಾಣ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ ಎಂಬುದು ಅಂತರಸರ್ಕಾರಿ ಹವಾಮಾನ ಸಮಿತಿಯ ಆರನೆಯ ವರದಿಯ (2021) ಅಂದಾಜು. ನಡುವಿನ ವರ್ಷಗಳು ಕಡಿಮೆಯಾಗಿ ಬರಗಾಲವೂ ಅತಿವೃಷ್ಟಿಯೂ ಹೆಚ್ಚಿದರೆ, ಮೇಲಿನ ಕೆರೆಯ ಹೂಳೆತ್ತುವಿಕೆ ಕೆಳಗಿನವರಿಗೆ ಮಾಡುವ ಅನ್ಯಾಯ ವಿಮರ್ಶಕರು ಭಾವಿಸಿದ್ದಕ್ಕಿಂತ ಕಡಿಮೆಯಾಗಬಹುದು. ಕೋಲಾರ ಭಾಗದ ಬಹಳಷ್ಟು ಕೆರೆಗಳು 2021ರ ನವೆಂಬರಿನ ಅಕಾಲಿಕ ಮಳೆಗೆ ತುಂಬಿ ಹರಿದದ್ದು ಅತಿವೃಷ್ಟಿಯ ವರ್ಷಕ್ಕೆ ನಿದರ್ಶನ. ಕೆಳಗಿನವರಿಗಾಗುವ ಅನ್ಯಾಯ ಕಡಿಮೆಯಾಗಬಹುದು ಎಂಬುದು ಈ ಲೇಖನದ ಅತ್ಯಂತ ದಿಟ್ಟ ಮಾತು. ಆದ್ದರಿಂದ ಇದಕ್ಕೆ ಹಾಕಬೇಕಾದ ಮಿತಿಗಳೂ ಹೆಚ್ಚು.

ಮೊದಲನೆಯದಾಗಿ, ಮೇಲಿನ ಲೆಕ್ಕ ಇಡೀ ವರ್ಷವನ್ನು ಒಂದೇ ಮಳೆಯಂತೆ ಎಣಿಸುತ್ತದೆ. ವಾಸ್ತವದಲ್ಲಿ ಕೆರೆ ತುಂಬಿ, ಇಳಿದು, ಮತ್ತೆ ತುಂಬುತ್ತದೆ. ಮುಂಗಾರಿನ ನೀರು ಉಳಿದಿರುವಾಗ ಬರುವ ಹಿಂಗಾರಿನ ಪರಿಣಾಮವೇ ಬೇರೆ. ಎರಡನೆಯದಾಗಿ, ಎಲ್ಲಿಯ ಹೂಳು ಎಂಬುದು ಮುಖ್ಯ. ಏರಿಯ ಬುಡದಲ್ಲಿ ತೂಬಿನ ಹೊಸ್ತಿಲಿಗಿಂತ ಕೆಳಗಿನ ಹೂಳು ತೆಗೆದರೆ ಸಿಗುವ ನೀರು ಕಾಲುವೆಗೆ ಏರುವುದಿಲ್ಲ. ಅದು ದನಕರುಗಳಿಗೆ ಒದಗುತ್ತದೆ, ಉಳಿದದ್ದು ಇಂಗುತ್ತದೆ. ಇಂಗಿದ ನೀರನ್ನು ಮೇಲೆತ್ತುವವರು ಕೊಳವೆಬಾವಿ ಕೊರೆಸಲು ಶಕ್ತಿಯಿರುವವರು. ಅವರ ಹೊಲ ಅಚ್ಚುಕಟ್ಟಿನ ಹೊರಗೂ ಇರಬಹುದು. ಹಾಗಾದಲ್ಲಿ ಹೂಳೆತ್ತುವ ಖರ್ಚಿಗೆ ವಂತಿಗೆ ಕೊಟ್ಟ ಅಚ್ಚುಕಟ್ಟಿನ ಸಣ್ಣ ರೈತನಿಂದ ವಂತಿಗೆ ಕೊಡದ ಕೊಳವೆಬಾವಿಯವನಿಗೆ ಲಾಭ ಹೋಗುತ್ತದೆ. ಮೇಲಿನ ಊರು, ಕೆಳಗಿನ ಊರು ಎಂಬ ಚೌಕಟ್ಟಿಗೆ ಈ ಅನ್ಯಾಯ ಸಿಕ್ಕುವುದೇ ಇಲ್ಲ.

ಮೂರನೆಯ ಮಿತಿ ಹೆಚ್ಚು ತೂಕದ್ದು. ಕೆರೆಯ ಸಾಮರ್ಥ್ಯ ಹೆಚ್ಚಿಸಲು ಎರಡು ದಾರಿಗಳಿವೆ: ಅಂಗಳ ಅಗೆಯುವುದು, ಇಲ್ಲವೇ ಕೋಡಿ ಎತ್ತರಿಸುವುದು. ಎರಡನೆಯದು ಅಗ್ಗ, ಕೋಡಿಯ ಮೇಲೆ ಒಂದು ಸಾಲು ಕಲ್ಲು ಕಟ್ಟಿದರೂ ಆದೀತು. ಆದರೆ ಹಿನ್ನೀರಿಗೆ ಮೇಲಿನ ಹೊಲ ಮುಳುಗುತ್ತದೆ, ಏರಿಯ ಮೇಲೆ ಒತ್ತಡ ಬೀಳುತ್ತದೆ; ಏರಿ ಒಡೆದರೆ ಸರಪಳಿಯ ಕೆಳಗಿನ ಕೆರೆಗಳಿಗೂ ಅಪಾಯ. ಅತಿವೃಷ್ಟಿ ಹೆಚ್ಚುವ ಕಾಲದಲ್ಲಿ ಅಗೆದು ಖಾಲಿಯಾದ ಅಂಗಳ ಪ್ರವಾಹವನ್ನು ತುಸು ತಡೆಯುತ್ತದೆ, ಎತ್ತರಿಸಿದ ಕೋಡಿ ಅದನ್ನು ಅಪಾಯವಾಗಿ ಮಾರ್ಪಡಿಸುತ್ತದೆ. ಮೇಲೆ ಹೇಳಿದ ದಿಟ್ಟ ಮಾತು ಅಗೆತಕ್ಕೆ ಮಾತ್ರ ಅನ್ವಯಿಸುತ್ತದೆ.

ಈ ಭೇದ ಹೊಸದೇನಲ್ಲ ಎಂಬುದಕ್ಕೆ ಹವಾಮಾನ ಚರ್ಚೆಯ ಕಣ್ಣಿಗೆ ಬೀಳದ ಒಂದು ದಾಖಲೆಯಿದೆ. 1892ರ ಮದರಾಸು–ಮೈಸೂರು ಒಪ್ಪಂದವನ್ನು ನಾವು ಕಾವೇರಿ ವಿವಾದದ ಮೂಲವಾಗಿ ಮಾತ್ರ ಓದುತ್ತೇವೆ. ಆದರೆ ಅದು ಹೆಸರಿಸಿದ 15 ಮುಖ್ಯ ನದಿಗಳಲ್ಲಿ ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್, ದಕ್ಷಿಣ ಪಿನಾಕಿನಿಗಳೂ ಇವೆ; ಇವು ನಂದಿ ಬೆಟ್ಟದ ಸುತ್ತಲ ಅವಿಭಜಿತ ಕೋಲಾರ ಸೀಮೆಯ ಹೊಳೆಗಳು. ಆ ನಿಯಮಗಳ ಪ್ರಕಾರ ಹಳೆಯ ಕೆರೆಯ ಕೋಡಿ ಎತ್ತರಿಸುವುದನ್ನೂ ದುರಸ್ತಿಯೆಂದೇ ಗಣಿಸಬಹುದಿತ್ತು, ಆದರೆ ಒಂದು ಷರತ್ತಿನ ಮೇಲೆ: ಹಿಡಿದಿಡುವ ನೀರು, ನೀರುಣ್ಣುವ ನೆಲ ಇವೆರಡರಲ್ಲಿ ಒಂದಾದರೂ ಮೊದಲಿಗಿಂತ ಹೆಚ್ಚದೆ ಉಳಿಯಬೇಕು. ಮೂವತ್ತು ವರ್ಷಕ್ಕೂ ಮೀರಿ ಪಾಳುಬಿದ್ದ ಕೆರೆಯನ್ನು ಎಬ್ಬಿಸಿದರೆ ಅದು ಹೊಸ ಕೆರೆಯೆಂದೇ ಲೆಕ್ಕ.

ಇದನ್ನು ನ್ಯಾಯದ ಮಾದರಿಯೆಂದು ಓದಿದರೆ ಮುಗ್ಧತನವಾದೀತು. ಕೆಳಹರಿವಿನ ಮದರಾಸು ಬ್ರಿಟಿಷ್ ಆಡಳಿತದ ಪ್ರಾಂತ್ಯವಾಗಿತ್ತು. ಮಾತುಕತೆಯಲ್ಲಿ ಎರಡು ಕಡೆಯ ಬಲ ಸಮವಾಗಿರಲಿಲ್ಲ. ಆದರೂ ಒಂದು ಅಂಶಕ್ಕೆ ಅದು ಸಾಕ್ಷಿ: ಊರಿನ ಕೆರೆಯ ದುರಸ್ತಿಯೂ ಊರಿನ ಒಳಗಿನ ಸಂಗತಿಯಷ್ಟೇ ಅಲ್ಲ ಎಂಬುದು 1892ರ ಹೊತ್ತಿಗೆ ಆಡಳಿತದ ತಿಳಿವಳಿಕೆಯಾಗಿತ್ತು. ಇನ್ನೂ ಹಿಂದೆ ಹೋದರೆ, ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ 1369ರ ಪೋರುಮಾಮಿಳ್ಳ ಶಾಸನ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಎರಡು ರಾಜ್ಯಗಳ ಗಡಿಯಲ್ಲಿರುವುದು ಒಂದು ದೋಷ. ನೀರು ಕಡಿಮೆಯಿದ್ದು ನೆಲ ಹೆಚ್ಚಿರುವುದು, ನೆಲ ಕಡಿಮೆಯಿದ್ದು ನೀರು ಹೆಚ್ಚಿರುವುದು ಇನ್ನೆರಡು. ಶಾಸನಗಳು ಆದರ್ಶವನ್ನು ಹೇಳುತ್ತವೆ, ಆಚರಣೆಯನ್ನಲ್ಲ. ಆದರೂ ಕೆರೆಯ ಕೇಡು ಹೂಳಿನಿಂದ ಮಾತ್ರವಲ್ಲ, ಅಧಿಕಾರದ ಎಲ್ಲೆ ಮತ್ತು ನೀರಿನ ದಾರಿ ಹೊಂದದಿರುವುದರಿಂದಲೂ ಬರುತ್ತದೆ ಎಂಬ ಗ್ರಹಿಕೆ ಅಲ್ಲಿದೆ.

ಇಂದಿನ ಆಡಳಿತ ಆ ಎಲ್ಲೆಗಳನ್ನು ಹೆಚ್ಚಿಸಿದೆ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯಿತಿಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತದೆ. ಒಂದೇ ಸರಪಳಿಯ ಮೂರು ಕೆರೆ ಮೂರು ಕಚೇರಿಗಳ ಕೈಯಲ್ಲಿ ಇರಬಹುದು. ಅವುಗಳ ನಡುವಿನ ರಾಜಕಾಲುವೆಗೆ ಯಾವ ಬಳಕೆದಾರರ ಸಂಘವೂ ಹೊಣೆಯಲ್ಲ.

ಹೀಗಾಗಿ ಕೆರೆಯನ್ನು ಹವಾಮಾನ ಬದಲಾವಣೆಗೆ ಸ್ಥಳೀಯ ಉತ್ತರವೆಂದು ಒಪ್ಪುವುದಾದರೆ ಅದರ ಘಟಕ ಸರಪಳಿಯಾಗಬೇಕು. ಸರಪಳಿಯ ಊರುಗಳೆಲ್ಲ ಕೂಡುವ ಸಭೆಯ ಒಪ್ಪಿಗೆಯಿಲ್ಲದೆ ಯಾವ ಕೋಡಿಯ ಎತ್ತರವೂ ಬದಲಾಗಬಾರದು. ಹೂಳೆತ್ತುವ ಮುನ್ನ ರಾಜಕಾಲುವೆ ತೆರವಾಗಬೇಕು. ವಂತಿಗೆಯ ಲೆಕ್ಕಕ್ಕೆ ಕೊಳವೆಬಾವಿಗಳೂ ಬರಬೇಕು. ಇಂಥ ಸಭೆ ಜಾತಿಯ, ಒಡೆತನದ ಶ್ರೇಣಿಯಿಂದ ತಾನಾಗಿ ಮುಕ್ತವಾಗುತ್ತದೆ ಎನ್ನಲು ಆಧಾರವಿಲ್ಲ. ಮಾಸ್ ಮತ್ತು ಶಾ ಅವರ ಎಚ್ಚರಿಕೆ ಇಲ್ಲಿಯೂ ಅನ್ವಯಿಸುತ್ತದೆ. ಊರಿನ ಸಂಘದಲ್ಲಿ ಮಾತು ನಡೆಯದವನಿಗೆ ಹಲವು ಊರುಗಳ ಸಭೆಯಲ್ಲಿ ಮಾತು ಇನ್ನೂ ಕಷ್ಟವಾಗಲೂಬಹುದು.

ಒಂದು ಪ್ರಶ್ನೆ ಬಿಡಿಸದೆ ಉಳಿಯುತ್ತದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಒಂದು ತುಂಬಿ ಮುಂದಿನದಕ್ಕೆ ಇಳಿಯುವುದೇ ಅದರ ವಿನ್ಯಾಸ. ಆ ನೀರಿನ ಗುಣದ ಬಗ್ಗೆ ಚರ್ಚೆ ನಡೆದಿದೆ, ಹಂಚಿಕೆಯ ಬಗ್ಗೆ ಅಷ್ಟಿಲ್ಲ. ಮಳೆಯನ್ನು ನೆಚ್ಚದ ಒಳಹರಿವು ಬರುವ ಸರಪಳಿಯಲ್ಲಿ ಬರದ ವರ್ಷ, ನಡುವಿನ ವರ್ಷ ಎಂಬ ಮೇಲಿನ ವಿಂಗಡಣೆಯೇ ಸಡಿಲಗೊಳ್ಳುತ್ತದೆ. ಸದಾ ತುಂಬಿರುವ ಕೆರೆಯಲ್ಲಿ ಅತಿವೃಷ್ಟಿಯನ್ನು ತಡೆಯುವ ಖಾಲಿ ಜಾಗವೂ ಇರುವುದಿಲ್ಲ. ಈ ಲೇಖನದ ವಾದ ಅಂಥ ಕೆರೆಗಳಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದು ಕೆರೆಕೆರೆಯ ನೀರಿನ ಮಟ್ಟವನ್ನು ಹಲವು ಮಳೆಗಾಲ ಅಳೆದು ತೀರ್ಮಾನಿಸಬೇಕಾದ ಸಂಗತಿ.