ಮರಿಯಳಿಗೆ ಮುಸುಕು ಹೊದಿಸಿದ್ದು

ಮಗ್ದಲದ ಮರಿಯಳ ಚಿತ್ರವನ್ನು ನಾನು ಮೊದಲ ಸಲ ಬರೆದಾಗ ಅವಳಿಗೆ ಕೆಂಪು ಉಡುಪು ಉಡಿಸಿ, ಕೂದಲು ಬಿಚ್ಚಿ ಸೊಂಟದವರೆಗೆ ಇಳಿಬಿಟ್ಟಿದ್ದೆ. ಕಣ್ಣಲ್ಲಿ ಎರಡು ಹನಿ ನೀರು. ಸಂಡೇ ಸ್ಕೂಲಿನ ಗೋಡೆಗೆಂದು ಬರೆದ ಚಿತ್ರ. ಎಲ್ಲರೂ ಮೆಚ್ಚಿಕೊಂಡರು. ಒಬ್ಬಳು ಹುಡುಗಿ ಮಾತ್ರ ಹತ್ತಿರ ಬಂದು, "ಟೀಚರ್, ಇವಳು ಕೆಟ್ಟ ಹೆಂಗಸಲ್ಲವಾ?" ಎಂದು ಕೇಳಿದಳು. "ಹೌದು ಮಗಾ, ಆಮೇಲೆ ಒಳ್ಳೆಯವಳಾದಳು" ಎಂದೆ. ಅಷ್ಟು ಸಲೀಸಾಗಿ ಹೇಳಿಬಿಟ್ಟೆ.

ಬಹಳ ವರ್ಷಗಳ ಮೇಲೆ ಬೈಬಲಿನ ಸ್ತ್ರೀಯರ ಬಗ್ಗೆ ಮಕ್ಕಳ ಪುಸ್ತಕವೊಂದಕ್ಕೆ ಹನ್ನೆರಡು ಚಿತ್ರ ಬೇಕೆಂದು ಕೇಳಿದರು. ಈ ಸಲ ಆ ಕಾಲಕ್ಕೆ ಸರಿಯಾಗಿ ಬರೆಯೋಣ ಎಂದು ನಾನೇ ಹಟ ಹಿಡಿದೆ. ಮೊದಲು ಲೂಕನ ಸುವಾರ್ತೆ ತೆಗೆದು ಕುಳಿತೆ. ಎಂಟನೆಯ ಅಧ್ಯಾಯದಲ್ಲಿ ಮರಿಯ ಬರುತ್ತಾಳೆ. ಏಳು ದೆವ್ವಗಳು ಬಿಟ್ಟುಹೋದವಳು. ಯೊಹಾನ, ಸುಸನ್ನ ಮೊದಲಾದವರ ಜೊತೆ ಸ್ವಂತ ಆಸ್ತಿಯಿಂದ ಯೇಸುವಿನ ಗುಂಪಿಗೆ ಉಪಚಾರ ಮಾಡಿದವಳು. ಅಷ್ಟೇ. ನಡತೆಗೆಟ್ಟವಳು ಎಂಬ ಮಾತು ಎಲ್ಲಿಯೂ ಇಲ್ಲ. ಕಣ್ಣೀರಿನಿಂದ ಪಾದ ತೊಳೆದ ಪಾಪಿ ಹೆಂಗಸು ಹಿಂದಿನ ಅಧ್ಯಾಯದವಳು, ಅವಳಿಗೆ ಹೆಸರೇ ಇಲ್ಲ!

ಹಾಗಾದರೆ ಈ ಕೆಂಪು ಬಟ್ಟೆ ಎಲ್ಲಿಂದ ಬಂತು? ಕ್ರಿ.ಶ. 591ರಲ್ಲಿ ಪೋಪ್ ಗ್ರೆಗೊರಿ ಒಂದು ಪ್ರಸಂಗದಲ್ಲಿ ಆ ಹೆಸರಿಲ್ಲದ ಹೆಂಗಸನ್ನೂ ಬೇಥಾನ್ಯದ ಮರಿಯಳನ್ನೂ ಮಗ್ದಲದವಳನ್ನೂ ಸೇರಿಸಿ ಒಬ್ಬಳನ್ನಾಗಿ ಮಾಡಿದರು. ಯೂರೋಪಿನ ಚಿತ್ರಕಾರರಿಗೆ ಅದು ಹಬ್ಬವಾಯಿತು. ಪೂರ್ವದ ಸಭೆಗಳು ಈ ಬೆರಕೆಯನ್ನು ಒಪ್ಪಲಿಲ್ಲ. ರೋಮಿನ ಸಭೆಯೇ 1969ರಲ್ಲಿ ತನ್ನ ಪಂಚಾಂಗ ತಿದ್ದುವಾಗ ಅವಳನ್ನು ಬಿಡಿಸಿತು; 2016ರಲ್ಲಿ ಅವಳ ದಿನವನ್ನು ಅಪೊಸ್ತಲರ ಹಬ್ಬಗಳ ಸಾಲಿಗೆ ಏರಿಸಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರ ಸಭೆ ನಮ್ಮದು, ಪೋಪರ ಮಾತು ಕೇಳುವವರಲ್ಲ. ಆದರೆ ಕ್ಯಾಲೆಂಡರಿನ ಚಿತ್ರ ನಮ್ಮ ಮನೆಗೂ ಬಂದಿತ್ತಲ್ಲ.

ಸರಿ, ಉಡುಪು ಯಾವುದು? ಫ್ರಾನ್ಸಿನ ಟಿಸೋ ಎಂಬ ಚಿತ್ರಕಾರ 1886ರಲ್ಲಿ ಪ್ಯಾಲೆಸ್ಟೈನಿಗೇ ಹೋಗಿ ಬಂದು, ಯೇಸುವಿನ ಜೀವನದ 350 ಜಲವರ್ಣ ಚಿತ್ರ ಬರೆದ. ಚಂದವಾಗಿವೆ. ಆದರೆ ಅಲ್ಲಿ ಅವನು ಕಂಡದ್ದು ಹತ್ತೊಂಬತ್ತನೆಯ ಶತಮಾನದ ಜನರನ್ನು. ಇಂದು ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವವರನ್ನು ನೋಡಿ ರಾಣಿ ಅಬ್ಬಕ್ಕನ ಉಡುಪು ಬರೆದ ಹಾಗಾಯಿತು.

ನನಗೆ ದಾರಿ ಸಿಕ್ಕಿದ್ದು ಗುಹೆಗಳಿಂದ. ಮೃತ ಸಮುದ್ರದ ಪಕ್ಕದ ಒಣ ಗಾಳಿಯಲ್ಲಿ ಬಟ್ಟೆ ಕೊಳೆಯುವುದಿಲ್ಲ. 132ರಿಂದ 135ರವರೆಗೆ ರೋಮಿನವರ ವಿರುದ್ಧ ಯೆಹೂದ್ಯರು ದಂಗೆಯೆದ್ದಾಗ ಕೆಲವು ಸಂಸಾರಗಳು ಅಲ್ಲಿ ಅಡಗಿದ್ದವು. 1960-61ರಲ್ಲಿ ಯಿಗಾಯೆಲ್ ಯಾಡಿನ್ ಆ ಗುಹೆ ಶೋಧಿಸಿದಾಗ ಅವರ ಬಟ್ಟೆಬರೆ, ನೂಲಿನ ಉಂಡೆ, ಕನ್ನಡಿ, ಕೂದಲಿನ ಬಲೆ ಎಲ್ಲ ಸಿಕ್ಕವು. ಮರಿಯಳಿಗಿಂತ ನೂರು ವರ್ಷ ಈಚಿನವು, ಆದರೂ ಟಿಸೋನಿಗಿಂತ ಎಷ್ಟೋ ಹತ್ತಿರ. ಮೈಗೆ ಉಣ್ಣೆಯ ಅಂಗಿ: ಎರಡು ಉದ್ದ ತುಂಡುಗಳನ್ನು ಭುಜದ ಮೇಲೆ ಹೊಲಿದದ್ದು, ಭುಜದಿಂದ ಅಂಚಿನವರೆಗೆ ಎರಡು ಬಣ್ಣದ ಪಟ್ಟೆ. ಮೇಲೆ ಕತ್ತರಿ ತಾಗದ ಚೌಕ ಹೊದಿಕೆ. ಹೆಂಗಸರದಾದರೆ ಮೂಲೆಗಳಲ್ಲಿ ಮೊಳೆಯಂತೆ ಬಾಗಿದ ಗುರುತು. ಹೊಲಿಯದ ಬಟ್ಟೆಯನ್ನು ಹೇಗೆ ಹೊದೆಯುವುದೆಂದು ಸೀರೆ ಉಡುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಹಳೆಯ ಶಾಲೊಂದನ್ನು ತಂಗಿಗೆ ಹೊದಿಸಿ, ಮಡಿಕೆ ಬೀಳುವುದನ್ನು ನೋಡಿ ಬರೆದೆ. ಅಲ್ಲಿ ಸಿಕ್ಕ ನೇರಳೆ ಉಣ್ಣೆ ಕೂಡ ಶಂಖದ ಹುಳದ ದುಬಾರಿ ಬಣ್ಣವಲ್ಲ, ನೀಲಿ ಮತ್ತು ಕೆಂಪು ಬೆರೆಸಿದ ನಕಲು. ಆಗಲೂ ಕಡಿಮೆ ಬೆಲೆಗೆ ಶ್ರೀಮಂತರಂತೆ ಕಾಣುವ ಆಸೆ ಇತ್ತು.

ಅದೇ ಗುಹೆಯಲ್ಲಿ ಬಬಾಥಾ ಎಂಬ ವಿಧವೆಯ ಕಾಗದಪತ್ರಗಳ ಕಟ್ಟು ಸಿಕ್ಕಿತು, ಒಟ್ಟು 35. ಖರ್ಜೂರದ ತೋಟಗಳ ಒಡತಿ. ಎರಡು ಸಲ ಮದುವೆಯಾದವಳು. ಮೊದಲ ಗಂಡನ ಮಗನಿಗೆ ನೇಮಿಸಿದ ಪೋಷಕರು ತಿಂಗಳಿಗೆ ಎರಡೇ ದಿನಾರಿ ಕೊಡುತ್ತಾರೆ, ಸಾಲದು ಎಂದು ರೋಮಿನ ಅಧಿಕಾರಿಯ ಮುಂದೆ ದೂರು ಕೊಟ್ಟಿದ್ದಳು. ಆ ಮಗನ ಹೆಸರು ಯೇಸು! ಗಂಡನ ಇನ್ನೊಬ್ಬ ಹೆಂಡತಿಯ ಹೆಸರು ಮರಿಯ. ಪತ್ರಗಳನ್ನು ಜತನವಾಗಿ ಕಟ್ಟಿಟ್ಟುಕೊಂಡು ಗುಹೆಗೆ ಓಡಿದವಳು ಹಿಂದಿರುಗಿ ಬಂದು ಅವನ್ನು ತೆಗೆಯಲೇ ಇಲ್ಲ. ಅವಳ ಬಗ್ಗೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ಕೂದಲು. ಮಸಾದಾ ಕೋಟೆಯಲ್ಲಿ 1963ರಿಂದ 65ರವರೆಗೆ ಅಗೆದಾಗ ಒಬ್ಬ ಹೆಂಗಸಿನ ಜಡೆ ಹೆಣೆದ ಹಾಗೆಯೇ ಸಿಕ್ಕಿತು, ಪಕ್ಕದಲ್ಲಿ ಚರ್ಮದ ಚಪ್ಪಲಿ. ಆ ಭಾಗದ ಮರದ ಬಾಚಣಿಗೆಗಳಲ್ಲಿ ಹೇನುಗಳೂ ಉಳಿದಿದ್ದವಂತೆ. (ಇದನ್ನು ಓದಿ ನನಗೆ ಆ ಹೆಂಗಸರ ಮೇಲೆ ಪ್ರೀತಿ ಹೆಚ್ಚಾಯಿತು.) ಸುಮಾರು 200ರಲ್ಲಿ ಕೂಡಿಸಿದ ಮಿಶ್ನಾ ಎಂಬ ಯೆಹೂದಿ ಕಟ್ಟಳೆಯ ಗ್ರಂಥದ ಪ್ರಕಾರ, ತಲೆ ಮುಚ್ಚದೆ ಹೊರಗೆ ಹೋದ ಅಥವಾ ಬೀದಿಯಲ್ಲಿ ನೂಲು ತೆಗೆದ ಹೆಂಡತಿಯನ್ನು ಮದುವೆಯ ಹಣ ಕೊಡದೆ ಬಿಟ್ಟುಬಿಡಬಹುದಿತ್ತು. ಮರಿಯಳಿಗೆ ಗಂಡನಿದ್ದನೆಂದು ಸುವಾರ್ತೆ ಹೇಳುವುದಿಲ್ಲ. ಅವಳ ಗುರುತು ಊರಿನ ಹೆಸರಿನಿಂದ. ಆದರೂ ಊರೂರು ತಿರುಗಿದ, ಕೈಯಲ್ಲಿ ದುಡ್ಡಿದ್ದ ಹೆಂಗಸು ಕೂದಲು ಕೆದರಿಕೊಂಡು ಓಡಾಡುತ್ತಿದ್ದಳೆಂದು ನನಗೆ ತೋರಲಿಲ್ಲ. ಜಡೆ ಹಾಕಿ, ಬಲೆ ಬಿಗಿದು, ಹೊದಿಕೆಯನ್ನು ತಲೆಯ ಮೇಲೆ ಎಳೆದೆ. ಮುಖಕ್ಕೆ ಈಜಿಪ್ಟಿನ ಫಯೂಮಿನ ಮಮ್ಮಿಗಳ ಹಳೆಯ ಚಿತ್ರಗಳನ್ನು ನೋಡಿದೆ: ಗೋಧಿ ಬಣ್ಣ, ದೊಡ್ಡ ಕಪ್ಪು ಕಣ್ಣು. ವಯಸ್ಸು ನಲವತ್ತರ ಸುಮಾರು ಇರಲೆಂದು ಮುಂದಲೆಯಲ್ಲಿ ನಾಲ್ಕು ನರೆಗೂದಲು ಬರೆದೆ.

ಪುಸ್ತಕದ ಹಿರಿಯರೊಬ್ಬರು ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಒಳ್ಳೇದುಂಟು. ಆದರೆ ಇದು ಯಾರು ಅಂತ ಗೊತ್ತಾಗುವುದಿಲ್ಲವಲ್ಲ ಅಕ್ಕ? ಕೂದಲು ಸ್ವಲ್ಪ ಹೊರಗೆ ಕಾಣಿಸಿದರೆ..." ಎಂದರು.

"ಕೆಳಗೆ ಹೆಸರು ಹಾಕಿ" ಎಂದೆ.

ಹೆಸರು ಹಾಕಿಯೇ ಅಚ್ಚಾಯಿತು. ಹಳೆಯ ಕೆಂಪು ಚಿತ್ರವನ್ನು ಇಳಿಸಿ ಕೊಡಿ ಎಂದು ಎರಡು ಸಲ ಕೇಳಿದೆ. ಮಕ್ಕಳಿಗೆ ಅದೇ ಇಷ್ಟವಂತೆ. ಆ ಹುಡುಗಿ ಈಗ ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ. ಪುಸ್ತಕದ ಒಂದು ಪ್ರತಿಯನ್ನು ಅವಳ ವಿಳಾಸಕ್ಕೆ ಕಳಿಸಿದ್ದೇನೆ, ಆ ಪುಟದಲ್ಲಿ ಒಂದು ಚೀಟಿ ಇಟ್ಟು.