ಓರೆಗೆರೆಯ ಲೆಕ್ಕ: ಮಳಖೇಡದಿಂದ ತಾರ್ನಾಕಕ್ಕೆ

ಬಾಗಿಲ ಚೌಕಟ್ಟಿಗೂ ಗೋಡೆಗೂ ನಡುವಿನ ಸಂದನ್ನು ಮರೆಸಲು ಹೊಡೆಯುವ ಮರದ ಪಟ್ಟಿಗೆ ನಮ್ಮ ತಾರ್ನಾಕದಲ್ಲಿ ಬೀಡಿಂಗ್ ಎನ್ನುತ್ತಾರೆ. ನಿಲುವುಪಟ್ಟಿಯೂ ಅಡ್ಡಪಟ್ಟಿಯೂ ಮೂಲೆಯಲ್ಲಿ ಕೂಡುವಾಗ ಎರಡರ ತುದಿಯನ್ನೂ ಓರೆಯಾಗಿ ಕೊಯ್ಯಬೇಕು. ಅದಕ್ಕೆ ವಿದ್ಯುತ್ ಯಂತ್ರವೇ ಬೇಕೆಂಬ ನಂಬಿಕೆ ತೀರ ಈಚಿನದು.

ಓರೆಗೆರೆಯ ತಿಳಿವಳಿಕೆಯಾದರೋ ಹಳೆಯದು. ಹಗ್ಗ ಮತ್ತು ಗೂಟಗಳಿಂದ ಯಜ್ಞವೇದಿಯನ್ನು ಅಳೆಯುವ ಬೌಧಾಯನ ಶುಲ್ಬಸೂತ್ರವು ಚೌಕದ ಕರ್ಣವನ್ನು ಬಾಹುವಿನ 1.414ರಷ್ಟೆಂದು ಬಹು ನಿಖರವಾಗಿ ಹೇಳುತ್ತದೆ. ಈ ವಿದ್ಯೆ ಗರಗಸದ ಸಮೀಪಕ್ಕೆ ಬಂದುದನ್ನು ಕಾಣಲು ನಾವು ದೂರ ಹೋಗಬೇಕಿಲ್ಲ. ಸಿಕಂದರಾಬಾದಿನಿಂದ ವಾಡಿಯ ಕಡೆಗೆ 1874ರಲ್ಲಿ ಹಾಕಿದ ರೈಲುದಾರಿಯಲ್ಲಿ, ತಾಂಡೂರು, ಸೇಡಂ ದಾಟಿದರೆ ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಬರೆದನು. ಅದರ ಖಾತವ್ಯವಹಾರದಲ್ಲಿ ‘ಕ್ರಕಚಿಕಾ’ ಎಂಬ ಭಾಗವಿದೆ. ಕ್ರಕಚವೆಂದರೆ ಗರಗಸ. ಕೊಯ್ದ ಮೈಯ ವಿಸ್ತಾರವನ್ನೂ ಮರದ ಜಾತಿಯನ್ನೂ ನೋಡಿ ಕೊಯ್ತದ ಕೆಲಸವನ್ನು ಅಳೆಯುವ ಲೆಕ್ಕವದು. ಆ ನ್ಯಾಯದಂತೆ 3 ಅಂಗುಲದ ಪಟ್ಟಿಯನ್ನು ನಲವತ್ತೈದು ಡಿಗ್ರಿಗೆ ಕೊಯ್ದರೆ ಗೆರೆ ಸುಮಾರು 4.24 ಅಂಗುಲವಾಗುತ್ತದೆ, ದುಡಿಮೆ ನೂರಕ್ಕೆ ನಲವತ್ತೊಂದರಷ್ಟು ಹೆಚ್ಚು. ಇಂದು ಕೂಲಿ ಮಾತಾಡುವಾಗ ಇದನ್ನು ಯಾರು ಲೆಕ್ಕಕ್ಕೆ ತರುತ್ತಾರೆ?

ಆದರೆ ಆಚಾರ್ಯನ ಆಸಕ್ತಿ ಕೊಯ್ತದ ಅಳತೆಯಲ್ಲಿ, ಕೊಯ್ಯುವ ಕೈಯಲ್ಲಲ್ಲ. ಈ ಗ್ರಂಥವನ್ನು ಪಾವುಲೂರಿ ಮಲ್ಲನ ಹನ್ನೊಂದನೆಯ ಶತಮಾನದಲ್ಲಿ ತೆಲುಗಿಗೆ ತಂದ, ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಬಡಗಿಯ ಉಪಾಯಗಳಿಗೆ ಅಂಥ ಭಾಗ್ಯ ಬರಲಿಲ್ಲ. ಅವು ತಂದೆಯಿಂದ ಮಗನಿಗೆ, ಬಾಯಿಂದ ಕಿವಿಗೆ ಬಂದವು. ಅವುಗಳಲ್ಲೊಂದನ್ನು ಇಲ್ಲಿ ಬರೆದಿಡುವುದು ಉಚಿತ.

ಗೋಡೆಯ ಮೂಲೆ ತೊಂಬತ್ತು ಡಿಗ್ರಿ ಇರುವುದು ಅಪರೂಪ. ಆದುದರಿಂದ ನಲವತ್ತೈದಕ್ಕೆ ಬಿಗಿದ ಯಂತ್ರವೂ ಕೆಲವೊಮ್ಮೆ ಸಂದು ಬಿಡುತ್ತದೆ. ಬಡಗಿ ಕೋನವನ್ನು ಅಳೆಯುವುದೇ ಇಲ್ಲ. ನಿಲುವುಪಟ್ಟಿಯನ್ನು ಅದರ ಜಾಗದಲ್ಲಿಟ್ಟು, ಅಡ್ಡಪಟ್ಟಿಯನ್ನು ಅದರ ಮೇಲೆ ಹಾಯಿಸುತ್ತಾನೆ. ಎರಡರ ಹೊರ ಅಂಚುಗಳು ದಾಟುವಲ್ಲಿ ಒಂದು ಚುಕ್ಕೆ, ಒಳ ಅಂಚುಗಳು ದಾಟುವಲ್ಲಿ ಇನ್ನೊಂದು. ಎರಡೂ ಪಟ್ಟಿಗಳ ಮೇಲೆ ಚುಕ್ಕೆಗಳನ್ನು ಸೇರಿಸಿ ಗೆರೆ. ಅಗಲ ಸಮನಾಗಿದ್ದರೆ ಅತಿಕ್ರಮಿಸಿದ ಭಾಗ ಸಮಬಾಹು ಚತುರ್ಭುಜ. ಅದರ ಕರ್ಣ ಮೂಲೆಯನ್ನು ತಾನೇ ಇಬ್ಭಾಗಿಸುತ್ತದೆ. ಮೂಲೆ ಎಂಬತ್ತೆಂಟಾದರೆ ಪಾಲು ನಲವತ್ತನಾಲ್ಕು. ಅಗಲ ಬೇರೆಯಾದರೂ ಕೂಡುಗೆರೆ ತಪ್ಪದು. ಬೌಧಾಯನನ ಹಗ್ಗ ಇಲ್ಲಿ ಪೆನ್ಸಿಲ್ ಆಗಿದೆ, ಅಷ್ಟೆ.

ಇನ್ನುಳಿದುದು ಗರಗಸದ ಕೆಲಸ. ಸಣ್ಣ ಹಲ್ಲಿನ ಗರಗಸ, ಗೆರೆಗೆ ಒತ್ತಾಗಿ ಬಿಗಿದ ನೇರ ಮರದ ತುಂಡು, ಅದಕ್ಕೆ ಅಲಗನ್ನು ತಾಗಿಸಿಕೊಂಡು ನಿಧಾನವಾದ ಎಳೆತ. ಕೊಯ್ತ ಗೆರೆಯ ಹೊರಗೆ, ಬಿಸಾಡುವ ಭಾಗದಲ್ಲೇ ಬೀಳಬೇಕು. ಗೆರೆಯನ್ನು ಉಜ್ಜುಕಾಗದಕ್ಕೆ ಬಿಡಬೇಕು.